ನಲವತ್ತಾರರ ಯೌವನಸ್ಥೆ

ನವೆಂಬರ್ ಬಂತೆಂದರೆ ನಮ್ಮ ಸಭೆಯ ಹುಡುಗ ಹುಡುಗಿಯರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಶಾಲೆಯ ವರ್ಷ ಮುಗಿಯುತ್ತದೆ. ಊರಿನ ಒಂದೊಂದು ಶಾಲೆಯೂ ಒಂದೊಂದು ಹಾಲ್ ಗೊತ್ತುಮಾಡಿ ಪದವಿ ಸಮಾರಂಭ ಇಟ್ಟುಕೊಳ್ಳುತ್ತದೆ. ಭಾಷಣ, ರಾಷ್ಟ್ರಗೀತೆ, ಸರ್ಟಿಫಿಕೇಟು ಎಲ್ಲ ಮುಗಿದದ್ದೇ ತಡ, ಕುರ್ಚಿಗಳನ್ನು ಗೋಡೆಗೆ ಸರಿಸಿ ಸ್ಪೀಕರು ಹಚ್ಚುತ್ತಾರೆ, ನಮ್ಮವರು ಕುಣಿಯುತ್ತಾರೆ. ವಿಶ್ವಾಸಿಗಳು ಕುಣಿಯಬಾರದು. ಇದು ಅವರಿಗೆ ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಆದರೂ ಕುಣಿಯುತ್ತಾರೆ, ಮರುದಿನ ಯಾರದೋ ಫೋನಿನಿಂದ ವಿಡಿಯೊ ಹೊರಡುತ್ತದೆ, ಸಭೆಯವರೆಲ್ಲ ಅದನ್ನು ನನಗೇ ಕಳಿಸುತ್ತಾರೆ. ನಾನೇ ಹೇಳಿಕೊಟ್ಟು ಕುಣಿಸಿದೆನೇನೋ ಎಂಬ ಹಾಗೆ.

ಕಾರಣ ಇಷ್ಟೇ. ನಮ್ಮ ಚರ್ಚಿನ ಹೆಸರು ಮೋರಿಯಾ ಬೆಟ್ಟದ ಸಭೆ. ಬೆಟ್ಟ ಇರುವುದು ಹೆಸರಿನಲ್ಲಿ ಮಾತ್ರ. ಕಟ್ಟಡ ಇರುವುದು ಎಲ್ ಪ್ರೊಗ್ರೆಸೊ ಊರಿನ ತಗ್ಗಿನಲ್ಲಿ, ಬಾಳೆತೋಟದ ಮಗ್ಗುಲಿಗೆ. ಮಳೆ ಜೋರಾದರೆ ಮೊದಲು ನೀರು ನುಗ್ಗುವುದು ನಮ್ಮ ಬಾಗಿಲಿಗೇ. ಅಲ್ಲಿಯ ಕಟ್ಟಳೆ ಏನೆಂದರೆ, ದೊಡ್ಡವರು ತಪ್ಪಿ ನಡೆದರೆ ಪಾಸ್ಟರ್ ವಿಚಾರಿಸಬೇಕು. ಯೌವನಸ್ಥರು ತಪ್ಪಿ ನಡೆದರೆ ಯೌವನಸ್ಥರ ಸಂಘದ ಅಧ್ಯಕ್ಷೆ ವಿಚಾರಿಸಬೇಕು. ಆ ಅಧ್ಯಕ್ಷೆ ನಾನು, ಹೊಲಿಗೆಯ ಲೋಯ್ದಾ. ನವೆಂಬರ್ ತಿಂಗಳಿಡೀ ವಾರದ ದಿನಗಳಲ್ಲಿ ಈ ಮಕ್ಕಳ ಪದವಿಯ ಗೌನು ಹೊಲಿಯುತ್ತೇನೆ, ಶನಿವಾರ ಅದೇ ಗೌನು ತೊಟ್ಟು ಕುಣಿದದ್ದಕ್ಕೆ ಅವರ ವಿಚಾರಣೆ ಮಾಡುತ್ತೇನೆ.

ವಿಚಾರಣೆ ಎಂದರೆ ಹೀಗೆ. ಹೋದ ವರ್ಷದ್ದನ್ನು ಹೇಳುತ್ತೇನೆ. ಸಭೆಯಲ್ಲಿ ಗಿಟಾರ್ ನುಡಿಸುವ ಓಬೆದ್‌ನನ್ನು ಎದುರಿಗೆ ನಿಲ್ಲಿಸಿಕೊಂಡೆ.

"ಯಾಕೋ ಕುಣಿದೆ?"

"ನಾನೆಲ್ಲಿ ಕುಣಿದೆ ಲೋಯ್ದಕ್ಕ? ಕಾಲು ತಾನಾಗೇ ಆಡ್ತು."

"ತಾನಾಗೇ ಆಡೋಕೆ ಅದೇನು ಕರೆಂಟ್ ಮಿಷನ್ನೇನೋ? ತಲೆ ಎಲ್ಲಿಟ್ಟಿದ್ದೆ?"

"ತಲೆನೂ ಅಲ್ಲೇ ಇತ್ತಕ್ಕ. ಅದೂ ಆಡ್ತಿತ್ತು."

ಪಕ್ಕದಲ್ಲಿದ್ದವರು ಕಿಸಕ್ಕೆಂದರು. ನಾನು ಎಂದಿನ ಶಿಕ್ಷೆ ಕೊಟ್ಟೆ: ನಾಲ್ಕು ಭಾನುವಾರ ಹಿಂದಿನ ಬೆಂಚು. ಅಲ್ಲಿ ಕೂತಿರುವಷ್ಟು ದಿನ ಗಿಟಾರ್ ಇಲ್ಲ, ಹಾಡಿಲ್ಲ, ಸಭೆಯ ಯಾವ ಕೆಲಸವೂ ಇಲ್ಲ. 'ಕಾಲು ತಾನಾಗೇ ಆಡ್ತು' ಎಂಬ ಈ ಉತ್ತರವನ್ನು ಎಷ್ಟು ಮಕ್ಕಳ ಬಾಯಿಂದ ಕೇಳಿದ್ದೇನೋ, ಒಂದು ಸಲವೂ ನಂಬಿದವಳಲ್ಲ. ಹುಟ್ಟಿದಾಗಿನಿಂದ ನಾನು ಕುಣಿದವಳಲ್ಲ. ನನ್ನ ಕಾಲು ಒಂದು ದಿನವೂ ನನ್ನನ್ನು ಕೇಳದೆ ಆಡಿದ್ದಿಲ್ಲ.

ಈಗ ನನ್ನ ವಯಸ್ಸು ಹೇಳಬೇಕು. ನಲವತ್ತಾರು. ನಗುವವರು ನಕ್ಕುಬಿಡಿ, ಆಮೇಲೆ ಮುಂದಿನದು ಕೇಳಿ.

ನಮ್ಮಲ್ಲಿ ಯೌವನಸ್ಥರು ಎನ್ನುವುದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಮದುವೆಯಾಗದವರೆಲ್ಲ ಯೌವನಸ್ಥರು, ಅಷ್ಟೇ. ಹದಿನೆಂಟು ತುಂಬಿದ ಹುಡುಗಿ ಶನಿವಾರ ಮದುವೆಯಾದರೆ ಭಾನುವಾರ ಸ್ತ್ರೀಯರ ಸಂಘದ ಸದಸ್ಯೆ. ಹೆಸರಿನ ಮುಂದೆ ಅಮ್ಮಾವ್ರು ಎನ್ನುವ ಹಾಗೆ 'ದೋನ್ಯಾ' ಬಂದು ಕೂರುತ್ತದೆ. ಸಭೆಯ ಹಿರಿಯರು ಸೇರುವ ಮಹಾಸಭೆಯಲ್ಲಿ ಅವಳು ಕೈ ಎತ್ತಬಹುದು, ಬಾಯಿ ತೆರೆಯಬಹುದು. ಓದಲು ಕನ್ನಡಕ ಬೇಕಾಗಿರುವ, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುವ ನಾನು ಮಾತ್ರ ಯೌವನಸ್ಥೆ. ಅಮ್ಮ ಸತ್ಯವೇದದಲ್ಲಿ ಹುಡುಕಿ ಹುಡುಕಿ ಒಬ್ಬ ಅಜ್ಜಿಯ ಹೆಸರನ್ನೇ ನನಗಿಟ್ಟಿದ್ದಳು. ಆ ಅಜ್ಜಿಗೂ ಇಷ್ಟು ದಿನ ಯೌವನ ಇದ್ದಿರಲಿಕ್ಕಿಲ್ಲ.

ಯೌವನಸ್ಥರ ಕೆಲಸಗಳೆಲ್ಲ ನನ್ನವು. ಮದುವೆಗೆ, ಮಸಣಕ್ಕೆ, ಎಲ್ಲದಕ್ಕೂ ಕುರ್ಚಿ ಹೊರುವವರು ಯೌವನಸ್ಥರು. ಕಾಫಿ ಹಂಚುವವರು ಯೌವನಸ್ಥರು. ಮಹಾಸಭೆ ನಡೆಯುವಾಗ ದೊಡ್ಡವರ ಕೂಸುಗಳನ್ನು ಅಂಗಳದಲ್ಲಿ ಹಿಡಿದುಕೊಂಡು ಕೂರುವವರೂ ಯೌವನಸ್ಥರೇ. ಈ ಸೆಪ್ಟೆಂಬರಿನಲ್ಲಿ ನಾನು ಹಾಗೆಯೇ ದಮಾರಿಸಳ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ದಮಾರಿಸ್ ಯಾರು? ಭಾನುವಾರದ ಶಾಲೆಯಲ್ಲಿ ನಾನೇ ಮೂಗು ಒರೆಸಿ ಬೆಳೆಸಿದ ಹುಡುಗಿ, ಹೋದ ವರ್ಷ ಮದುವೆಯಾಗಿ ದೋನ್ಯಾ ಆದವಳು. ಒಳಗಿನಿಂದ ಬಂದವಳು ಮಗುವನ್ನು ಎತ್ತಿಕೊಳ್ಳುತ್ತ ಹೇಳಿದಳು:

"ಲೋಯ್ದಕ್ಕ, ಇನ್ಮೇಲೆ ನಿಮ್ಮ ಯೌವನಸ್ಥರ ಕೂಟ ಶನಿವಾರ ಸಂಜೆ ಇಲ್ವಂತೆ. ಬೆಳಗ್ಗೆ ಐದಕ್ಕಂತೆ."

"ಐದಕ್ಕಾ? ಯಾರು ಹೇಳಿದ್ದು?"

"ಎಲ್ರೂ ಕೈ ಎತ್ತಿದ್ರು. ಶುಕ್ರವಾರ ರಾತ್ರಿ ಹುಡುಗರು ಬೇಗ ಮಲಗ್ತಾರೆ ಅಂತ. ನಾನೂ ಎತ್ತಿದೆ."

"ನೀನು ಐದಕ್ಕೆ ಯಾವತ್ತಾದ್ರೂ ಎದ್ದಿದೀಯೇನೇ?"

"ಮಗು ಏಳಿಸುತ್ತಲ್ಲಕ್ಕ," ಎಂದು ನಕ್ಕಳು. ನನ್ನ ಲಂಗದ ಮೇಲೆ ಅವಳ ಮಗು ಉಚ್ಚೆ ಹೊಯ್ದಿತ್ತು. ಅದನ್ನು ಅವಳು ನೋಡಲೂ ಇಲ್ಲ.

ಅಂದಿನಿಂದ ಶನಿವಾರ ಬೆಳಗಿನ ಐದಕ್ಕೆ ಸಭೆಯ ಬಾಗಿಲು ತೆಗೆದು ನಾನೂ ಬೀದಿಯ ನಾಯಿಗಳೂ ಕೂಟ ನಡೆಸುತ್ತಿದ್ದೇವೆ. ಆರೂವರೆಗೆ ಒಂದಿಬ್ಬರು ಆಕಳಿಸುತ್ತ ಬರುತ್ತಾರೆ. ರೋಸಿಹೋದೆ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ: ಈ ವರ್ಷ ಶಾಲೆ ಮುಗಿಯುವ ಹೊತ್ತಿಗೆ ನಾನು ಈ ಸಂಘದಿಂದ ಹೊರಗೆ ಬರಬೇಕು, ಸಾಯುವುದರೊಳಗೆ ಒಂದು ಸಲ ನನ್ನ ಸಭೆಯಲ್ಲಿ ನಾನು ದೊಡ್ಡವಳು ಅನ್ನಿಸಿಕೊಳ್ಳಬೇಕು.

ಪಾಸ್ಟರ್ ಎಲೆಯಾಸರ್ ಹತ್ತಿರ ಹೋದೆ. ಈ ಪಾಸ್ಟರ್ ಕೂಡ ಒಂದು ಕಾಲದಲ್ಲಿ ನನ್ನ ಸಂಘದ ಹುಡುಗ. ಎರಡು ಸಲ ಕುಣಿದು ನನ್ನ ಕೈಯಲ್ಲೇ ಹಿಂದಿನ ಬೆಂಚು ಹತ್ತಿದ್ದ. ಆಮೇಲೆ ಮದುವೆಯಾಯಿತು, ದೊಡ್ಡವನಾದ, ಈಗ ಬಹುವಚನದಲ್ಲಿ ಮಾತಾಡಿಸಬೇಕು.

"ಪಾಸ್ಟ್ರೇ, ನನ್ನನ್ನ ಬಿಡಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಪ್ರಾರ್ಥನೆ ಮಾಡೋಣ ಲೋಯ್ದಕ್ಕ."

"ಹೋದ ವರ್ಷನೂ ಪ್ರಾರ್ಥನೆ ಮಾಡೋಣ ಅಂದ್ರಿ."

"ದೇವರ ಉತ್ತರ ಇನ್ನೂ ಬಂದಿಲ್ಲ."

"ನನ್ನ ಉತ್ತರ ಬಂದಿದೆಯಲ್ಲ, ಅದನ್ನಾದ್ರೂ ಕೇಳಿ. ಅಧ್ಯಕ್ಷೆ ಕೆಲಸ ಬಿಟ್ರೂ ನಾನು ಆ ಬೆಂಚಲ್ಲೇ ಕೊಳೀಬೇಕಲ್ಲ? ಸಂಘದಿಂದ ಹೊರಗೆ ಬರೋಕೆ ಏನು ದಾರಿ?"

ಅವರು ಬೆರಳು ಮಡಿಸಿದರು. "ಮದುವೆ ಆಗ್ಬೇಕು. ಇಲ್ಲಾ ಕರ್ತನ ಹತ್ತಿರ ಹೋಗ್ಬೇಕು. ಇಲ್ಲಾ ದೊಡ್ಡ ತಪ್ಪು ಮಾಡಿ ಶಿಸ್ತಿಗೆ ಒಳಗಾಗ್ಬೇಕು, ಆಗ ಎಲ್ಲಾ ಕೆಲಸದಿಂದ ತೆಗೀತೀವಿ." ಹೇಳಿ ಜೋರಾಗಿ ನಕ್ಕರು. "ಮೂರೂ ನಿಮ್ಮಿಂದ ಆಗೋ ಮಾತಲ್ಲ ಬಿಡಿ ಅಕ್ಕ."

ಆ ನಗು ನನ್ನ ಹೊಟ್ಟೆಯಲ್ಲಿ ಉಳಿದುಹೋಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಮದುವೆಯ ಬಾಗಿಲು ತಟ್ಟಿದವರೆಲ್ಲ ಎಂದೋ ಬೇರೆ ಮನೆ ಸೇರಿ ಅಜ್ಜಂದಿರಾಗಿದ್ದಾರೆ. ಸಾಯುವುದಕ್ಕೆ ಮನಸ್ಸಿಲ್ಲ, ಅದೂ ನವೆಂಬರಿನಲ್ಲಿ, ಇಷ್ಟು ಗೌನು ಕೈಯಲ್ಲಿಟ್ಟುಕೊಂಡು. ಇವುಗಳ ಮೇಲೆ ಪಕ್ಕದ ಮನೆಯ ಯೆಸೆನಿಯಾ ಬೇರೆ. ಕ್ಯಾಥೊಲಿಕರ ಹುಡುಗಿ, ಡಿಸೆಂಬರ್ ಕೊನೆಗೆ ಹದಿನೈದು ತುಂಬುತ್ತದೆ, ರಾತ್ರಿಯಿಡೀ ಕುಣಿತವಿರುವ ಆ ಹಬ್ಬಕ್ಕೆ ಗುಲಾಬಿ ಬಣ್ಣದ ಗೌನು ಒಪ್ಪಿಕೊಂಡಿದ್ದೆ. ಉಳಿದದ್ದು ಮೂರನೆಯ ಬಾಗಿಲು. ಕಳ್ಳತನ ನನ್ನಿಂದಾಗದು, ಕುಡಿತದ ವಾಸನೆಗೇ ವಾಂತಿ ಬರುತ್ತದೆ. ಕುಣಿಯಬಹುದು. ಎಲ್ಲರೂ ನೋಡುವ ಹಾಗೆ ಒಂದೇ ಒಂದು ಸುತ್ತು ವಾಲ್ಟ್ಸ್ ಹಾಕಿದರೆ ಸಾಕು. ಮೈ ಅಲ್ಲಾಡದ, ಮರ್ಯಾದಸ್ಥರ ಕುಣಿತ. ಅಷ್ಟಕ್ಕೆ ಕೆಲಸ ಹೋಗುತ್ತದೆ, ಮಾನ ಪೂರ್ತಿ ಹೋಗುವುದಿಲ್ಲ.

ಈ ಲೆಕ್ಕಾಚಾರದಲ್ಲಿ ಮುಳುಗಿದ್ದಾಗಲೇ ಕೆರೆನ್ ಗೌನಿನ ಅಳತೆ ನೋಡಲು ಬಂದಳು. ಹದಿನೇಳರ ಹುಡುಗಿ, ನಮ್ಮ ಸಂಘದ ಕಾರ್ಯದರ್ಶಿ. ಬೆಳಗಿನ ಐದರ ಕೂಟಕ್ಕೆ ಆರು ಗಂಟೆಯೊಳಗಾದರೂ ಬಂದುಬಿಡುವ ಒಬ್ಬಳೇ ಒಬ್ಬಳು. ಸ್ಟೂಲಿನ ಮೇಲೆ ನಿಲ್ಲಿಸಿ ಅಂಚು ಮಡಿಸುತ್ತಿದ್ದೆ. ಅವಳು ಅಪ್ಪ ಬರುತ್ತಾರೆ ಎಂದು ಏನೇನೋ ಹೇಳುತ್ತಿದ್ದಳು. ಅಪ್ಪ ಹಡಗಿನಲ್ಲಿ ಕೆಲಸ ಮಾಡುವವನು, ವಿಶ್ವಾಸಿಯಲ್ಲ, ಊರಿಗೆ ಬರುವುದೇ ಅಪರೂಪ.

"ಲೋಯ್ದಕ್ಕ, ವಾಲ್ಟ್ಸ್ ಕುಣಿದ್ರೂ ಪಾಪನಾ?"

"ಹೂಂ," ಎಂದೆ. ಬಾಯಿ ತುಂಬ ಗುಂಡುಸೂಜಿ ಇತ್ತು. "ಅಲ್ಲಾಡ್ಬೇಡ" ಎಂದು ಅವಳ ಮೊಣಕಾಲಿಗೆ ತಟ್ಟಿದೆ. ಅವಳು ಹೇಳಿದ ಹಾಗೆ ನೆಟ್ಟಗೆ ನಿಂತಳು.

ಸಮಾರಂಭ ಬುಧವಾರ. ಗೌನು ಹೊಲಿದವಳಾದ್ದರಿಂದ ನನಗೆ ಒಳಗೆ ಹೋಗಲು ಯಾರ ಕರೆಯೂ ಬೇಕಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಯಾರದೋ ತೋಳಿನ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಯಾರದೋ ಅಂಚು ಕಾಲಿಗೆ ಸಿಗುತ್ತದೆ. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ಹಾಲಿನ ಬಾಗಿಲಲ್ಲಿ ನಿಂತಿದ್ದೆ. ಭಾಷಣ ಮುಗಿಯಿತು. ಕುರ್ಚಿ ಸರಿಸಿದರು. ಅಪ್ಪಂದಿರು ಮಗಳಂದಿರ ಕೈಹಿಡಿದು ನಡುವಿಗೆ ಬಂದರು, ವಾಲ್ಟ್ಸ್ ಶುರುವಾಯಿತು. ಮನೆಯವರು ನೋಡುತ್ತಿರುವಷ್ಟು ಹೊತ್ತು ವಿಶ್ವಾಸಿಗಳ ಮಕ್ಕಳು ಎಂದಿನಂತೆ ಗೋಡೆಗೊರಗಿ ಕೆಂಪು ಸೋಡಾದ ಗ್ಲಾಸ್ ಹಿಡಿದು ನಿಂತರು. ಈಗ ಹೋಗು ಲೋಯ್ದಾ, ಈಗ ಹೋಗು ಎಂದುಕೊಂಡೆ. ಕಾಲು ಏಳಲಿಲ್ಲ. ಧೈರ್ಯಕ್ಕೆ ಒಂದು ಸಣ್ಣ ಪ್ರಾರ್ಥನೆ ಮಾಡಿದೆ. ಪಾಪ ಮಾಡಲು ಹೋಗುವಾಗ ಪ್ರಾರ್ಥನೆ ಮಾಡಬಹುದೇ ಎಂಬ ಅನುಮಾನ ಬಂದು ಅದನ್ನೂ ಅರ್ಧಕ್ಕೇ ನಿಲ್ಲಿಸಿದೆ. ಕೊನೆಗೆ ಕಣ್ಣುಮುಚ್ಚಿ ನುಗ್ಗಿದೆ.

ಹಾಲಿನ ನಟ್ಟನಡುವೆ ತಲುಪಿದಾಗ ವಾಲ್ಟ್ಸ್ ಮುಗಿದೇಹೋಯಿತು. ಅಪ್ಪಂದಿರು ಮಗಳಂದಿರಿಗೆ ಮುತ್ತಿಟ್ಟು ಚದುರಿದರು. ಖಾಲಿ ನೆಲದ ಮೇಲೆ ನಾನೊಬ್ಬಳು ಉಳಿದೆ. ಏನು ಮಾಡುವುದೆಂದು ನೋಡುವಷ್ಟರಲ್ಲಿ ಸ್ಪೀಕರಿನಿಂದ ಡೋಲು ಕಿತ್ತುಕೊಂಡು ಬಂತು. ಪುಂತಾ! ಕರಾವಳಿಯ ಪುಂತಾ, ಸೊಂಟದ ಕುಣಿತ. ನಮ್ಮ ಸಭೆಯಲ್ಲಿ ಆ ಹೆಸರನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ವಾಪಸ್ ಹೋಗಬಹುದಿತ್ತು. ಆದರೆ ಹಿಂದಿನಿಂದ ಯಾವನೋ ಕೂಗಿದ, "ನೋಡ್ರೋ, ಲೋಯ್ದಕ್ಕ ಕುಣಿಯೋಕೆ ಬಂದವ್ರೆ!" ಚಪ್ಪಾಳೆ ಶುರುವಾಯಿತು. ಸುತ್ತ ಮಕ್ಕಳು ನಿಂತರು. ಶಾಲೆಯ ಬಲ್ಬಿನಾ ಟೀಚರ್ ನನ್ನ ಎದುರಿಗೆ ಬಂದರು. ಅವರು ಕರಾವಳಿಯವರು, ಪುಂತಾ ಅವರ ಮನೆಯದೇ.

"ಹಾಗೆ ಮರದ ಥರ ನಿಂತ್ರೆ ಹೇಗೆ ಲೋಯ್ದಾ? ಕಾಲು ಮಾತ್ರ ಆಡಿಸು, ಪಟಪಟ ಅಂತ. ಮೇಲೆ ಅಲ್ಲಾಡ್ಬೇಡ. ಸೊಂಟದ ಚಿಂತೆ ಬಿಡು, ಅದು ತಾನಾಗೇ ಬರುತ್ತೆ."

"ಬರೋದು ಬೇಡ ಟೀಚರ್!"

"ಬೇಡ ಅಂದ್ರೆ ನಿಲ್ಲುತ್ತಾ? ಆಡಿಸು!"

ಆಡಿಸಿದೆ. ಮೊದಲು ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುವ ಹಾಗೆ ತುಳಿದೆ, ನನಗೆ ಗೊತ್ತಿದ್ದದ್ದು ಅದೊಂದೇ. ಆಮೇಲೆ ಏನಾಯಿತೋ ಹೇಳಲಾರೆ. ಡೋಲು ಕಾಲಿನೊಳಗೆ ಬಂತು, ಮಂಡಿಯ ನೋವು ಎಲ್ಲಿ ಹೋಯಿತೋ, ಬಲ್ಬಿನಾ ಟೀಚರ್ ಹೇಳಿದಂತೆಯೇ ಸೊಂಟ ತಾನಾಗೇ ಬಂತು. ಕುತ್ತಿಗೆಯ ಅಳತೆಪಟ್ಟಿ ಎರ್ರಾಬಿರ್ರಿ ಹಾರುತ್ತಿತ್ತು. ಕಾಲರಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳು ನೆಲಕ್ಕೆ ಉದುರಿದವು. ನನಗೆ ಖುಷಿಯಾಯಿತು. ಇದನ್ನು ಬೇರೆ ಹೇಗೆ ಹೇಳಲಿ? ಇಷ್ಟು ವರ್ಷ ಯೌವನಸ್ಥೆ ಯೌವನಸ್ಥೆ ಎಂದು ಕರೆಸಿಕೊಂಡವಳಿಗೆ ಯೌವನ ಎಂದರೇನೆಂದು ಆ ಒಂದು ಹಾಡಿನಲ್ಲಿ ಗೊತ್ತಾಯಿತು. ಹಾಡು ಮುಗಿದಾಗ ಉಸಿರು ಸಿಗದೆ ಟೀಚರ್ ಭುಜ ಹಿಡಿದುಕೊಂಡು ನಿಂತೆ. ಗೋಡೆಯ ಬಳಿ ಕೆರೆನ್ ಕಾಣಿಸಿದಳು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಅವಳಪ್ಪ, ಇಬ್ಬರ ಕೈಯಲ್ಲೂ ಕೆಂಪು ಸೋಡಾ. ಕೆರೆನ್ ನನ್ನನ್ನೇ ನೋಡುತ್ತಿದ್ದಳು. ಬೆರಗಾಗಿದ್ದಾಳೆ ಎಂದುಕೊಂಡು ಕೈಬೀಸಿದೆ.

ಮನೆ ತಲುಪುವುದರೊಳಗೆ ವಿಡಿಯೊ ನನಗೇ ಬಂದಿತ್ತು, ಸಭೆಯ ಅರ್ಧದಷ್ಟು ಜನರಿಂದ. ಈ ಸಲ ಸರಿಯಾದ ವಿಳಾಸಕ್ಕೇ ಕಳಿಸಿದ್ದರು.

ಮರುದಿನ ಸಂಜೆ ಹಿರಿಯರು ಕರೆಸಿದರು. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದೆ, ಬಿಡುಗಡೆಗೆ ಹೊರಟವಳ ಹಾಗೆ. ಪಾಸ್ಟರ್ ಎಲೆಯಾಸರ್ ತಲೆ ಮೇಲೆ ಕೈಹೊತ್ತು ಕೂತಿದ್ದರು. ಪಕ್ಕದಲ್ಲಿ ಸ್ತ್ರೀಯರ ಸಂಘದ ಯಜಮಾನಿ ದೋನ್ಯಾ ಒಟಿಲಿಯಾ. ಸಭೆಯ ಕಟ್ಟಳೆಗಳೆಲ್ಲ ಆಕೆಗೆ ಬಾಯಿಪಾಠ.

"ಏನಿದು ಲೋಯ್ದಕ್ಕ?" ಎಂದರು ಪಾಸ್ಟರ್. "ವಾಲ್ಟ್ಸ್ ಆಗಿದ್ರೆ ಏನೋ ಅನ್ಬಹುದಿತ್ತು."

"ವಾಲ್ಟ್ಸೇ ಅಂದ್ಕೊಂಡು ಹೋಗಿದ್ದೆ ಪಾಸ್ಟ್ರೇ. ತಡ ಆಯ್ತು. ಇರ್ಲಿ, ತಪ್ಪು ತಪ್ಪೇ. ಶಿಸ್ತು ಕೊಡಿ. ಎಲ್ಲಾ ಕೆಲಸದಿಂದ ತೆಗೀರಿ. ನಾನು ಒಂದು ಮಾತೂ ಆಡಲ್ಲ."

ದೋನ್ಯಾ ಒಟಿಲಿಯಾ ಬೀಸಣಿಗೆ ಮಡಿಸಿದರು. "ಇದನ್ನ ನಮ್ಮ ಹತ್ರ ಯಾಕೆ ತಂದ್ರಿ ಪಾಸ್ಟ್ರೇ? ಶಾಲೆ ಮುಗಿಯೋ ತಿಂಗಳಲ್ಲಿ ಹುಡುಗರು ಕುಣಿಯೋದು ಇದ್ದದ್ದೇ. ಯೌವನಸ್ಥರ ತಪ್ಪನ್ನ ಯೌವನಸ್ಥರ ಅಧ್ಯಕ್ಷೆ ವಿಚಾರಿಸ್ಬೇಕು."

"ಹುಡುಗರಾ? ದೋನ್ಯಾ, ಅಧ್ಯಕ್ಷೆ ನಾನೇ!"

"ಮತ್ತೇನು, ನೀನೇ ವಿಚಾರಿಸ್ಕೋ."

"ನನ್ನ ವಿಚಾರಣೆ ನಾನೇ ಮಾಡ್ಕೊಳ್ಳೋದಾ?"

"ಕಟ್ಟಳೆ ಕಟ್ಟಳೆನೇ. ನೀನೇನು ಮದುವೆ ಆಗಿದೀಯಾ, ನಾವು ವಿಚಾರಿಸೋಕೆ?"

ಪಾಸ್ಟರ್ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು. ಅಳುವಲ್ಲ, ನಗು ತಡೆದುಕೊಂಡದ್ದು. "ಪ್ರಾರ್ಥನೆ ಮಾಡೋಣ," ಎಂದರು. ಅವರು ಕಣ್ಣುಮುಚ್ಚಿದ ಕೂಡಲೇ ಎದ್ದು ಹೊರಟುಬಂದೆ. ಕುಣಿದು ಮಾನ ಕಳೆದುಕೊಂಡರೂ ದೊಡ್ಡವಳಾಗಲಿಲ್ಲವಲ್ಲ! ದಾರಿಯಲ್ಲಿ ಸಿಟ್ಟಿಗೆ ಗಟ್ಟಿಯಾಗಿ ಬೈದುಕೊಂಡೇ ಬಂದೆ, ಬಲೆಯಾದಾ ರೊಟ್ಟಿ ಸುಡುತ್ತಿದ್ದ ಮೂಲೆಮನೆಯ ಹೆಂಗಸು ಸೌಟು ಹಿಡಿದು ನೋಡುತ್ತ ನಿಂತಳು.

ಬರುತ್ತ ಬರುತ್ತ ತಲೆಗೆ ಹೊಳೆಯಿತು. ಶಿಕ್ಷೆ ಕೊಡುವವಳು ನಾನಾದರೆ ಎಂಥ ಶಿಕ್ಷೆ ಬೇಕಾದರೂ ಕೊಡಬಹುದು. ನಾನೇ ನನ್ನನ್ನು ಸಂಘದಿಂದ ಹೊರಹಾಕುತ್ತೇನೆ. ಒಟಿಲಿಯಾ ಅಲ್ಲ, ಒಟಿಲಿಯಾಳ ಅಜ್ಜಿ ಬಂದರೂ ಆಗ ಏನೂ ಮಾಡುವಂತಿಲ್ಲ.

ಶನಿವಾರ ಬೆಳಗ್ಗೆ ಬೀಗದಕೈ ಹಿಡಿದು ಬಂದರೆ ಸಭೆಯ ಮುಂದೆ ಯೌವನಸ್ಥರ ಹಿಂಡೇ ನಿಂತಿತ್ತು. ಇಷ್ಟು ತಿಂಗಳು ಐದಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನನ್ನ ವಿಚಾರಣೆ ನೋಡಲು ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದರು. ಓಬೆದ್ ಅಂತೂ ಬುಟ್ಟಿಯಲ್ಲಿ ಬಿಸಿ ಬ್ರೆಡ್ ತಂದಿದ್ದ, ಸಿನಿಮಾಕ್ಕೆ ಬಂದವನ ಹಾಗೆ.

"ಇವತ್ತು ಎದ್ದು ಬರೋಕೆ ಆಯ್ತೇನೋ?"

"ನಾನೆಲ್ಲಿ ಎದ್ದೆ ಲೋಯ್ದಕ್ಕ? ಕಾಲು ತಾನಾಗೇ ಎದ್ದು ಬಂತು."

ಎಲ್ಲರೂ ನಕ್ಕರು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಮುಂದೆ ನಿಂತು ಹೇಳಿದೆ, "ಈ ಸಲ ಕುಣಿದವಳು ನಾನು. ವಿಚಾರಿಸೋಳೂ ನಾನೇ ಅಂತೆ. ನನ್ನನ್ನ ನಾನೇ ಪ್ರಶ್ನೆ ಕೇಳ್ಕೊಂಡ್ರೆ ಹುಚ್ಚಿ ಅಂತೀರ. ಕೆರೆನ್, ನೀನು ಕಾರ್ಯದರ್ಶಿ, ನೀನು ಕೇಳು."

ಕೆರೆನ್ ಎದ್ದು ನಿಂತಳು. ಅವಳೊಬ್ಬಳು ನಗುತ್ತಿರಲಿಲ್ಲ.

"ಯಾಕೆ ಕುಣಿದ್ರಿ ಅಕ್ಕ?"

ನಾನು ಸಿದ್ಧಮಾಡಿಕೊಂಡು ಬಂದ ಉತ್ತರ ಇತ್ತು. ಅದು ಬಾಯಿಗೆ ಬರಲಿಲ್ಲ. "ನಿಮ್ಮಿಂದ ತಪ್ಪಿಸ್ಕೊಳ್ಳೋಕೆ ಅಂತ ಹೋದೆ," ಎಂದೆ. "ಆಮೇಲೆ... ಆಮೇಲೆ ನಿಲ್ಸೋಕೆ ಮನಸ್ಸು ಬರ್ಲಿಲ್ಲ. ಚೆನ್ನಾಗಿತ್ತು. ಓಬೆದ್ ಹೇಳ್ತಿದ್ದದ್ದು ನಿಜ, ಕಾಲು ತಾನಾಗೇ ಆಡುತ್ತೆ."

ಓಬೆದ್ "ಹೇಳಿರ್ಲಿಲ್ವಾ!" ಎಂದು ಕೂಗಿದ. ಮತ್ತೆ ನಗು. ಕೆರೆನ್ ಅದು ಮುಗಿಯುವವರೆಗೂ ಕಾದಳು.

"ಪಶ್ಚಾತ್ತಾಪ ಇದೆಯಾ?"

"ಇಲ್ಲ ಕಣೇ. ಸುಳ್ಳು ಹೇಳಿ ಇನ್ನೊಂದು ಪಾಪ ಯಾಕೆ ಕಟ್ಕೊಳ್ಳಲಿ?"

"ನಾನು ಕುಣೀಲಿಲ್ಲ," ಎಂದಳು ಅವಳು. "ಅಪ್ಪ ಸಮಾರಂಭಕ್ಕೇ ಅಂತ ರಜೆ ಹಾಕಿ ಬಂದಿದ್ರು. ಹಡಗಲ್ಲಿ ಯಾರ ಹತ್ರನೋ ವಾಲ್ಟ್ಸ್ ಕಲ್ತ್ಕೊಂಡು ಬಂದಿದ್ರು, ನನ್ನ ಜೊತೆ ಕುಣಿಯೋಕೆ. ಕೈ ಚಾಚಿದ್ರು. ನಾನು ಆಗಲ್ಲ ಅಪ್ಪ, ಪಾಪ ಅಂದೆ. ನೀವು ಹೂಂ ಅಂದಿದ್ರಿ."

ಓಬೆದ್ ಕೈಯಲ್ಲಿದ್ದ ಬ್ರೆಡ್ಡನ್ನು ಬುಟ್ಟಿಗೆ ಇಟ್ಟ.

"ಗ್ಲಾಸ್ ಹಿಡ್ಕೊಂಡು ಇಬ್ರೂ ಗೋಡೆ ಹತ್ರ ನಿಂತಿದ್ವಿ. ಆಗ ನೀವು ಬಂದು ಕುಣಿದ್ರಿ. ಅಪ್ಪ ಕೇಳಿದ್ರು, 'ಪಾಪ ಅಂತ ಹೇಳಿದ್ದು ಇವ್ರೇನಾ?' ಅಂತ. ನಿನ್ನೆ ಹಡಗಿಗೆ ವಾಪಸ್ ಹೋದ್ರು."

"ಕೆರೆನ್, ನೀನು ಕೇಳಿದ್ದು ನನಗೆ ಸರಿಯಾಗಿ ಕಿವಿಗೇ ಬಿದ್ದಿರ್ಲಿಲ್ಲ. ಬಾಯಲ್ಲಿ ಗುಂಡುಸೂಜಿ ಇತ್ತು."

"ಇದ್ದಿರ್ಬಹುದು. ಆದ್ರೂ ನೀವು ಹೇಳಿದ್ರೆ ನಾನು ಕೇಳ್ತೀನಲ್ಲ ಅಕ್ಕ. ಬೇರೆ ಯಾರೂ ಕೇಳಲ್ಲ, ನಾನೊಬ್ಳು ಕೇಳ್ತೀನಿ."

ನನಗೆ ನಾಚಿಕೆಯಾಯಿತು. ಕುಣಿದದ್ದಕ್ಕಲ್ಲ, ಆ ಹೂಂಗೆ. ಇಷ್ಟು ವರ್ಷ ಈ ಮಕ್ಕಳು ಕೇಳಿದ್ದಕ್ಕೆಲ್ಲ ನಾನು ಹೀಗೆಯೇ ಹೂಂ, ಊಹೂಂ ಎನ್ನುತ್ತ ಬಂದಿದ್ದೆ. ಅವರಲ್ಲಿ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವಾದ್ದರಿಂದ ಯಾವ ಹಾನಿಯೂ ಆಗಿರಲಿಲ್ಲ. ಕೇಳಿದವಳೊಬ್ಬಳಿಗೆ ಆಗಿಹೋಗಿತ್ತು.

ಸಂಘದಿಂದ ನನ್ನನ್ನು ಹೊರಹಾಕಿದ್ದೇನೆ ಎಂದು ಘೋಷಿಸಲು ಬಂದವಳು ನಾನು. ಈಗ ಆ ಮಾತು ಬಾಯಿಂದ ಹೊರಡಲಿಲ್ಲ. ಕೆರೆನ್‌ಳೇ ಹೇಳಿದಳು.

"ಲೋಯ್ದಕ್ಕ ಇನ್ಮೇಲೆ ನಮ್ಮ ಸಂಘದಲ್ಲಿ ಬೇಡ ಅನ್ನೋರು ಕೈ ಎತ್ತಿ."

ಒಂದು ಗಳಿಗೆಯಾದರೂ ಯೋಚಿಸುತ್ತಾರೆ ಎಂದುಕೊಂಡಿದ್ದೆ. ಒಬ್ಬಳಾದರೂ ಅಳಬಹುದು ಎಂಬ ಆಸೆಯೂ ಇತ್ತು, ಯಾಕೆ ಸುಳ್ಳು ಹೇಳಲಿ. ಎಲ್ಲ ಕೈಗಳೂ ಒಂದೇ ಸಲ ಮೇಲಕ್ಕೆ ಹೋದವು. ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತು ನೋಡಿಕೊಂಡ ಮಕ್ಕಳವು, ಗುಣಿಸುವ ಲೆಕ್ಕ ಹೇಳಿಕೊಟ್ಟ ಮಕ್ಕಳವು. ನಾನು ಬೇಡಿದ್ದೂ ಅದನ್ನೇ, ಅವರು ಕೊಟ್ಟದ್ದೂ ಅದನ್ನೇ. ಆದರೂ ಕೆನ್ನೆಗೆ ಹೊಡೆದ ಹಾಗಾಯಿತು. ಕೊನೆಗೆ ಕೆರೆನ್ ಕೂಡ ಕೈ ಎತ್ತಿದಳು, ಭುಜದವರೆಗೆ ಮಾತ್ರ.

"ಹೊಸ ಅಧ್ಯಕ್ಷೆ ಯಾರು?" ಎಂದು ಯಾರೋ ಕೇಳಿದರು. ಎಲ್ಲರೂ ಕೆರೆನ್ ಕಡೆ ನೋಡಿದರು. ಅದಕ್ಕೆ ಕೈ ಎತ್ತುವ ಅಗತ್ಯವೇ ಬೀಳಲಿಲ್ಲ.

ಬೀಗದಕೈಯನ್ನು ಅವಳ ಅಂಗೈಗೆ ಹಾಕಿದೆ. ಹತ್ತಿರ ನಿಂತು ಸ್ಪಷ್ಟವಾಗಿ ಹೇಳಿದೆ, "ಕೆರೆನ್, ಅಪ್ಪನ ಜೊತೆ ವಾಲ್ಟ್ಸ್ ಕುಣಿಯೋದು ಪಾಪ ಅಲ್ಲ. ಈಗ ಬಾಯಲ್ಲಿ ಸೂಜಿ ಇಲ್ಲ."

ಅವಳ ಕಣ್ಣು ತುಂಬಿತು. "ತಡ ಆಯ್ತು," ಎಂದಳು. ಆಮೇಲೆ, ನಾನು ಹೇಳಿಕೊಟ್ಟ ದನಿಯಲ್ಲೇ, "ನಾಲ್ಕು ಭಾನುವಾರ ಹಿಂದಿನ ಬೆಂಚು, ದೋನ್ಯಾ ಲೋಯ್ದಾ."

ನನ್ನ ಹೆಸರಿನ ಮುಂದೆ ಆ ಮಾತನ್ನು ಮೊದಲ ಸಲ ಕೇಳಿದ್ದು ಹಾಗೆ.

ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತೆ. ಎದುರಿಗೆ ಬರೀ ಬೆನ್ನುಗಳು. ಓಬೆದ್ ಗಿಟಾರ್ ಹಿಡಿದಿದ್ದ. ಕೆರೆನ್ ಯೌವನಸ್ಥರ ಸಾಲಿನ ತುದಿಯಲ್ಲಿ, ನಾನು ಕೂರುತ್ತಿದ್ದ ಜಾಗದಲ್ಲಿ ಕೂತು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಆರಾಧನೆ ಮುಗಿದ ಮೇಲೆ ಕುರ್ಚಿ ಸರಿಸುವ ಸದ್ದು ಕೇಳಿ ಅಭ್ಯಾಸಬಲದಿಂದ ಎದ್ದು ಎರಡು ಕುರ್ಚಿ ಎತ್ತಿಕೊಂಡೆ. ಕೆರೆನ್ ಬಂದು ಅವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಬಿಡಿ ದೋನ್ಯಾ. ಇದು ಯೌವನಸ್ಥರ ಕೆಲಸ."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಕುರ್ಚಿ ತೆಗೆದುಕೊಳ್ಳುವಾಗ ನನ್ನ ಮಂಡಿಯ ಕಡೆ ಒಮ್ಮೆ ನೋಡಿದಳು. ನಾನು ಮತ್ತೆ ಬೆಂಚಿನಲ್ಲಿ ಕೂತೆ. ಕೈಗೆ ಕೆಲಸವಿಲ್ಲದೆ ಅವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಆಗ ದೋನ್ಯಾ ಒಟಿಲಿಯಾ ಬೀಸಣಿಗೆ ಬೀಸಿಕೊಳ್ಳುತ್ತ ನನ್ನ ಬೆಂಚಿನ ಹತ್ತಿರವೇ ಬಂದರು. ಮಕ್ಕಳು ನನ್ನನ್ನು ಹೊರಹಾಕಿದ ಸುದ್ದಿ ಅವರಿಗೆ ಮುಟ್ಟಿತ್ತು. ಕಟ್ಟಳೆಯಲ್ಲಿ ನನಗೆ ಜಾಗ ಹುಡುಕಿ ಹುಡುಕಿ ಸೋತಿದ್ದರು ಎಂದು ಕಾಣುತ್ತದೆ.

"ಯೌವನಸ್ಥೆ ಅಲ್ಲ ಅಂದ್ಮೇಲೆ ನೀನು ನಮ್ಮ ಸ್ತ್ರೀಯರ ಸಂಘಕ್ಕೇ ಬರ್ಬೇಕು, ಬೇರೆ ದಾರಿ ಇಲ್ಲ," ಎಂದರು. "ಒಳ್ಳೇದೇ ಆಯ್ತು. ಕ್ರಿಸ್ಮಸ್‌ಗೆ ಇಡೀ ಸಭೆಗೆ ಅಡುಗೆ ಆಗ್ಬೇಕು. ಅದರ ಹೊಣೆ ನೀನೇ ಹೊತ್ಕೋ, ದೋನ್ಯಾ ಲೋಯ್ದಾ. ಗುರುವಾರದಿಂದ ಬಾ. ಪರದೆಗಳೂ ಹೊಲಿಯೋದಿವೆ. ಮತ್ತೆ ಮಹಾಸಭೆ ದಿನ ಕೂಸುಗಳನ್ನ..."

"ಬರೋಕಾಗಲ್ಲ ದೋನ್ಯಾ ಒಟಿಲಿಯಾ," ಎಂದೆ. ಈ ಮಾತನ್ನು ನಾನು ಈ ಕಟ್ಟಡದೊಳಗೆ ಹಿಂದೆಂದೂ ಆಡಿರಲಿಲ್ಲ. "ಶಿಕ್ಷೆಯಲ್ಲಿದೀನಿ. ನಾಲ್ಕು ಭಾನುವಾರ ಸಭೆಯ ಯಾವ ಕೆಲಸನೂ ಮುಟ್ಟೋ ಹಾಗಿಲ್ಲ. ಕಟ್ಟಳೆ ಕಟ್ಟಳೆನೇ."

ಬೀಸಣಿಗೆ ನಿಂತಿತು. "ಸರಿ. ನಾಲ್ಕು ವಾರ ಆದ್ಮೇಲೆ ಬರ್ತೀಯಲ್ಲ?"

"ಅಷ್ಟರಲ್ಲಿ ಪಕ್ಕದ ಮನೆ ಯೆಸೆನಿಯಾದು ಹದಿನೈದರ ಹಬ್ಬ ಇದೆ. ಗೌನು ನಾನೇ ಹೊಲೀತಿರೋದು. ನನ್ನನ್ನೂ ಕರೆದಿದಾರೆ."

ದೋನ್ಯಾ ಒಟಿಲಿಯಾ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು.